ಒಂದು ಕಿವಿ ನೆಟ್ಟಗೆ, ಒಂದು ಬಗ್ಗಿದ್ದು: ನಮ್ಮ ರಾಗಿ ಯಾವ ಬೆರಕೆ ಇರಬಹುದು?

ಕೊಲರಾಡೋ_ಮೈಸೂರಿಗ

ಎಲ್ಲರಿಗೂ ನಮಸ್ಕಾರ. ಫೋಟೋ ಹಾಕಿದ್ದೀನಿ, ಮೊದಲು ಅದನ್ನ ನೋಡ್ಬಿಡಿ. ಇಲ್ಲಿ ಫೋರ್ಟ್ ಕಾಲಿನ್ಸ್ ಕಡೆಯ ಒಂದು ಶೆಲ್ಟರ್‌ನಿಂದ ತಂದ ಹೆಣ್ಣು ನಾಯಿ. ಹಲ್ಲು ನೋಡಿ ಎರಡು ವರ್ಷ ಇರಬಹುದು ಅಂದರು. ತೂಕ 19 ಕೆಜಿ. ಗಿಡ್ಡ ಕೂದಲು, ಮೈ ಕಪ್ಪು, ಎದೆ ಬಿಳಿ, ಹುಬ್ಬಿನ ಜಾಗದಲ್ಲಿ ಎರಡು ಕಂದು ಬೊಟ್ಟು. ಮುಂಗಾಲು ಬಿಳಿ, ಅದರ ಮೇಲೆ ರಾಗಿ ಚೆಲ್ಲಿದ ಹಾಗೆ ಚುಕ್ಕಿ. ಹೆಸರು ಬಂದಿದ್ದು ಅದರಿಂದಲೇ.

ಶೆಲ್ಟರ್ ಚೀಟಿಯಲ್ಲಿ ‘ಬಾರ್ಡರ್ ಕಾಲಿ ಮಿಕ್ಸ್’, ಅಂದರೆ ಕುರಿ ತಿರುಗಿಸೋ ಆ ತಳಿಯ ಬೆರಕೆ ಅಂತ ಬರೆದಿತ್ತು. ಕಪ್ಪು-ಬಿಳುಪು ನಾಯಿ ಯಾವುದು ಬಂದರೂ ಈ ಕಡೆ ಅದೇ ಚೀಟಿ ಅಂಟಿಸ್ತಾರೇನೋ ಅಂತ ನನಗೆ ಅನುಮಾನ.

ಈಗ ನಡವಳಿಕೆ. ಮಗಳು ಚೆಂಡು ಉರುಳಿಸಿದರೆ ಹಿಡಿಯೋಕೆ ಓಡಲ್ಲ. ಹೊಟ್ಟೆ ನೆಲಕ್ಕೆ ತಾಗೋ ಹಾಗೆ ಬಗ್ಗಿ, ತಲೆ ಬೆನ್ನಿಗಿಂತ ಕೆಳಗಿಟ್ಟು, ಒಂದು ಮುಂಗಾಲು ಎತ್ತಿ ಹಿಡಿದು ದಿಟ್ಟಿಸ್ತಾಳೆ. ಆಮೇಲೆ ದೂರದಿಂದ ಅರ್ಧ ಸುತ್ತು ಹಾಕಿ ಚೆಂಡಿನ ಆ ಬದಿಗೆ ಹೋಗಿ ನಿಲ್ತಾಳೆ. ಮಕ್ಕಳು ಓಡಿದರೆ ಮಾತ್ರ ಈ ಶಿಸ್ತೆಲ್ಲ ಮಾಯ, ನೇರ ಹಿಮ್ಮಡಿಗೆ ಬಾಯಿ. ರಾತ್ರಿಯಾದರೆ ಬೇರೆಯೇ ನಾಯಿ. ಹಿತ್ತಲಲ್ಲಿ ಎತ್ತರದ ಜಾಗ ಹುಡುಕಿ ಮಲಗಿ, ದೂರದ ಕಯೋಟಿ ಕೂಗಿಗೆ ದಪ್ಪ ದನಿಯಲ್ಲಿ ಬೊಗಳ್ತಾಳೆ. ಪಕ್ಕದ ಮನೆಯವರು ಬಂದು ನಗುನಗುತ್ತಲೇ ಹೇಳಿ ಹೋಗಿದ್ದಾರೆ.

ಡಿಎನ್‌ಎ ಪರೀಕ್ಷೆಗೆ ಜೊಲ್ಲು ಕಳಿಸಿದ್ದೀನಿ. ಅದು ಬರೋವರೆಗೆ ನಿಮ್ಮ ನಿಮ್ಮ ಊಹೆ ಬರಲಿ.

ಬೆರಕೆಸೊಪ್ಪು

ಇದಕ್ಕೆ ಡಿಎನ್‌ಎ ಯಾಕೆ ಸರ್, ಕಣ್ಣಿದ್ದರೆ ಸಾಕು. ಬಾರ್ಡರ್ ಕಾಲಿ ಮತ್ತೆ ದನ ಹೊಡೆಯೋ ಬ್ಲೂ ಹೀಲರ್. ಕಾಲಿನ ಚುಕ್ಕಿ ಹೀಲರ್‌ದು, ಎದೆಯ ಬಿಳಿ ಬಾರ್ಡರ್ ಕಾಲಿದು. ಹಿಮ್ಮಡಿಗೆ ಬಾಯಿ ಹಾಕೋದಂತೂ ಹೀಲರ್‌ನ ಹೆಸರಲ್ಲೇ ಇದೆ.

ಮೆಲ್ಬರ್ನ್_ಮಲೆನಾಡಿಗ

ಕೆಲ್ಪಿ ಯಾಕಲ್ಲ? ಗಿಡ್ಡ ಕೂದಲು, ಕಪ್ಪು ಮೈ, ಕಂದು ಹುಬ್ಬು, ಬಡಕಲು ನಡು. ನಮ್ಮ ವಿಕ್ಟೋರಿಯಾದಲ್ಲಿ ಇಂಥ ನಾಯಿ ಪ್ರತಿ ಯೂಟ್ ಗಾಡಿಯ ಹಿಂದೆ ನಿಂತಿರುತ್ತೆ. ನಾನು ಕ್ಯಾಸ್ಟರ್ಟನ್ ಊರಿನ ಕೆಲ್ಪಿ ಮೇಳಕ್ಕೆ ಹೋಗಿದ್ದೆ. ಆ ತಳಿಗೆ ಹೆಸರು ಕೊಟ್ಟ ಹೆಣ್ಣು ನಾಯಿ ಹುಟ್ಟಿದ್ದು ಅಲ್ಲಿನ ವಾರಕ್ ಎಂಬ ಕುರಿ ಎಸ್ಟೇಟಿನಲ್ಲಿ. ಒತ್ತೊತ್ತಾಗಿ ನಿಂತ ಕುರಿಗಳ ಬೆನ್ನ ಮೇಲೇ ಹತ್ತಿ ಆ ತುದಿಯಿಂದ ಈ ತುದಿಗೆ ಓಡ್ತವೆ. ಮೊದಲ ಸಲ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ರಾಗಿ ಸೋಫಾ ಬೆನ್ನಿನ ಮೇಲೆ ನಡೀತಾಳಾ, ನೋಡಿ ಹೇಳಿ.

ಅಂದಹಾಗೆ ಕೊಲರಾಡೋದವರು ‘ಆಸ್ಟ್ರೇಲಿಯನ್ ಶೆಫರ್ಡ್’ ಅಂತ ಊಹೆ ಹಾಕಿದರೆ ಅದನ್ನ ನಮ್ಮ ಆಸ್ಟ್ರೇಲಿಯಾದ ತಲೆಗೆ ಕಟ್ಟಬೇಡಿ. ಆ ತಳಿ ರೂಪುಗೊಂಡಿದ್ದು ಅಮೆರಿಕದ ಪಶ್ಚಿಮದಲ್ಲೇ.

ತಲೆಹರಟೆ

ನನ್ನ ಊಹೆ: ತಾಯಿ ಪೊಲೀಸು, ತಂದೆ ಟ್ರಾಫಿಕ್ಕು. ಹಗಲು ಎಲ್ಲರನ್ನೂ ಸಾಲಲ್ಲಿ ನಿಲ್ಲಿಸ್ತಾಳೆ, ರಾತ್ರಿ ಬೀಟ್ ಹೊಡೀತಾಳೆ.

ಎಳೆಎಳೆ

ಬಣ್ಣ ನೋಡಿ ತಳಿ ಹೇಳೋ ಆಟ ನನಗೂ ಇಷ್ಟ, ನಾನೂ ಆಡ್ತೀನಿ. ಆದರೆ ಬಣ್ಣ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಬರೀತೀನಿ.

ನಾಯಿಯ ಹೊರನೋಟವನ್ನು ನಡೆಸೋ ಜೀನ್‌ಗಳು ಬೆರಳೆಣಿಕೆಯಷ್ಟು. ಉದ್ದವೋ ಗಿಡ್ಡವೋ, ಸುರುಳಿಯೋ ನೇರವೋ, ಮೀಸೆ-ಹುಬ್ಬು ಪೊದೆಯೋ ಅಲ್ಲವೋ, ಕೂದಲಿನ ಈ ಬಗೆಗಳನ್ನೆಲ್ಲ ಹೆಚ್ಚುಕಡಿಮೆ ಮೂರೇ ಜೀನ್ ತೀರ್ಮಾನಿಸ್ತವೆ ಅಂತ 2009ರಲ್ಲೇ ಗೊತ್ತಾಯ್ತು. ಅದರಲ್ಲೂ ಗಿಡ್ಡ ಕೂದಲಿನದೇ ಮೇಲುಗೈ. ಉದ್ದ ಕೂದಲಿನ ಬಾರ್ಡರ್ ಕಾಲಿಗೂ ಗಿಡ್ಡ ಕೂದಲಿನ ಹೀಲರ್‌ಗೂ ಮರಿಯಾದರೆ ಸಾಮಾನ್ಯವಾಗಿ ಎಲ್ಲವೂ ಗಿಡ್ಡ. ಅಂಥ ಎರಡು ಗಿಡ್ಡ ಕೂದಲಿನ ಮರಿಗಳು ದೊಡ್ಡವಾಗಿ ಕೂಡಿದರೆ ಮುಂದಿನ ಸೂಲಿನಲ್ಲಿ ಇದ್ದಕ್ಕಿದ್ದಂತೆ ಒಂದು ಉದ್ದ ಕೂದಲಿನದು ಹುಟ್ಟಬಹುದು. ಆಗ ಮನೆಯವರು ಬೀದಿಯ ಕಡೆ ನೋಡ್ತಾರೆ!

ಕಂದು ಹುಬ್ಬು ಕಾಣಬೇಕಾದರೆ ಆ ಗುಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರಬೇಕು. ಆದರೆ ಅದು ಕೆಲ್ಪಿ, ಕಾಲಿ, ಜರ್ಮನ್ ಶೆಫರ್ಡ್, ಡಾಬರ್‌ಮನ್, ಹೌಂಡ್ ಎಲ್ಲದರಲ್ಲೂ ಇದೆ. ಅದರಿಂದ ಯಾರನ್ನೂ ಹಿಡಿಯೋಕೂ ಆಗಲ್ಲ, ಬಿಡೋಕೂ ಆಗಲ್ಲ. ಚುಕ್ಕಿಯೂ ಹಾಗೇ. ಹೀಲರ್ ಮರಿಗಳು ಬಿಳಿಯಾಗಿ ಹುಟ್ಟಿ ಆಮೇಲೆ ಚುಕ್ಕಿ ತುಂಬಿಕೊಳ್ಳೋದು ನಿಜ, ಆದರೆ ಸ್ಪ್ಯಾನಿಯಲ್, ಪಾಯಿಂಟರ್‌ಗಳಲ್ಲೂ, ಎಷ್ಟೋ ಬಾರ್ಡರ್ ಕಾಲಿಗಳ ಕಾಲಲ್ಲೂ ಇದೇ ಚುಕ್ಕಿ. ನೀಲಿ ಕಣ್ಣು ಕಂಡ ಕೂಡಲೇ ಹಸ್ಕಿ ಅನ್ನೋದು ಇನ್ನೊಂದು ಚಾಳಿ.

ನಿಜಕ್ಕೂ ಸುಳಿವು ಕೊಡೋ ಬಣ್ಣ ಒಂದಿದ್ದರೆ ಅದು ಮರ್ಲ್, ಅಂದರೆ ಬೂದಿ ಮೈ ಮೇಲೆ ಹರಿದ ಮಸಿ ಚೆಲ್ಲಿಕೊಂಡಂತಿರೋ ಬಣ್ಣ. ಮರಿ ಮರ್ಲ್ ಆಗಿದ್ದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಆ ಜೀನ್ ಹೊತ್ತಿರಲೇಬೇಕು. ರಾಗಿಯಲ್ಲಿ ಅದಿಲ್ಲ.

2009ರಲ್ಲೇ ಅಮೆರಿಕದಲ್ಲಿ 20 ಬೆರಕೆ ನಾಯಿಗಳ ಮೇಲೆ ಒಂದು ಸಣ್ಣ ಅಧ್ಯಯನ ನಡೆಯಿತು. ದತ್ತು ಕೊಡೋ ಸಂಸ್ಥೆಗಳು ಹೆಸರಿಸಿದ್ದ ತಳಿ ಡಿಎನ್‌ಎ ಜೊತೆ ತಾಳೆಯಾಗಿದ್ದು ಸುಮಾರು ನಾಲ್ಕಕ್ಕೆ ಒಂದರಲ್ಲಿ. ಆಗಿನ ಡಿಎನ್‌ಎ ಪರೀಕ್ಷೆಯೂ ಈಗಿನಷ್ಟು ಪಳಗಿರಲಿಲ್ಲ ಅನ್ನೋದನ್ನೂ ಸೇರಿಸಿ ಓದಿಕೊಳ್ಳಿ.

ಬೆರಕೆಸೊಪ್ಪು

ಅಂದರೆ ನಾವೆಲ್ಲ ಬಾಯಿ ಮುಚ್ಚಿಕೊಂಡಿರಬೇಕಾ? 😄 ಊಹೆ ಮಾಡೋಕೆ ಬಿಡಿ ಮಾರಾಯ್ರೆ. ಜಾತಿ ನಾಯಿ ತಂದವರಿಗೆ ಈ ಸುಖವೇ ಇಲ್ಲ. ಸರ್ಟಿಫಿಕೇಟ್ ಕೈಯಲ್ಲಿರುತ್ತೆ, ಅಲ್ಲಿಗೆ ಮಾತು ಮುಗೀತು. ನನ್ನ ಹತ್ರ ಇರೋ ಹುಡುಗನ್ನ ಪಾರ್ಕಿಗೆ ಕರ್ಕೊಂಡು ಹೋದರೆ ಎದುರು ಸಿಕ್ಕವರೆಲ್ಲ ನಿಂತು ‘ಇದ್ಯಾವ ಬ್ರೀಡು’ ಅಂತ ಶುರು ಮಾಡ್ತಾರೆ. ಅರ್ಧ ಬಡಾವಣೆ ಪರಿಚಯ ಆಗಿದ್ದು ಹಾಗೇ.

ಎಳೆಎಳೆ

ಊಹೆ ಬೇಡ ಅನ್ನಲಿಲ್ಲ. ಕೋಟು ಬಿಟ್ಟು ಕೆಲಸ ನೋಡಿ ಅಂತ ಅಷ್ಟೇ. ಮೈಸೂರಿಗರು ಬರೆದ ಆ ಚೆಂಡಿನ ಕಥೆಯಲ್ಲಿ ನಾಲ್ಕು ಫೋಟೋಗಿಂತ ಹೆಚ್ಚು ಸುಳಿವಿದೆ.

ತೋಳ ಬೇಟೆಯಾಡೋ ಕ್ರಮ ನೆನಪಿಸಿಕೊಳ್ಳಿ. ಗುರುತಿಸೋದು, ದಿಟ್ಟಿಸೋದು, ಹೊಂಚೋದು, ಅಟ್ಟೋದು, ಕಚ್ಚಿ ಹಿಡಿಯೋದು, ಕೊಲ್ಲೋದು. ಕುರಿ ತಿರುಗಿಸೋ ನಾಯಿಗಳಲ್ಲಿ ಈ ಸರಪಳಿಯ ಮೊದಲ ಭಾಗವನ್ನು ಉಬ್ಬಿಸಿ ಕೊನೆಯ ಭಾಗವನ್ನು ಕತ್ತರಿಸಿದ್ದಾರೆ ಅಂತ ನಾಯಿಗಳ ನಡವಳಿಕೆ ಅಧ್ಯಯನ ಮಾಡಿದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ವಿವರಿಸ್ತಿದ್ದರು. ಬಾರ್ಡರ್ ಕಾಲಿ ದಿಟ್ಟಿಸಿ, ಹೊಂಚಿ, ಅಟ್ಟುತ್ತೆ, ಕಚ್ಚಬಾರದು. ದನ ಹೊಡೆಯೋ ಹೀಲರ್‌ಗೆ ದಿಟ್ಟಿಸಿ ಕೂತರೆ ಆಗಲ್ಲ. ಮೊಂಡು ಹೋರಿಯ ಹಿಂಗಾಲಿಗೆ ಕಚ್ಚಿ, ಒದೆ ಬೀಳೋ ಮೊದಲೇ ನೆಲಕ್ಕೆ ಅಂಟಿಕೊಳ್ಳಬೇಕು. ಹಿಂಡು ಕಾಯೋ ನಾಯಿಯಲ್ಲಿ ಈ ಸರಪಳಿಯೇ ಹೆಚ್ಚುಕಡಿಮೆ ಮಲಗಿರುತ್ತೆ, ಇಲ್ಲದಿದ್ದರೆ ಅದೇ ಕುರಿ ತಿಂದುಬಿಡುತ್ತೆ.

ಮೈಸೂರಿಗರೇ, ರಾಗಿ ಹಿಮ್ಮಡಿಗೆ ಬಾಯಿ ಹಾಕಿದ ಮೇಲೆ ಏನು ಮಾಡ್ತಾಳೆ? ಪಕ್ಕಕ್ಕೆ ಹಾರ್ತಾಳಾ, ನೆಲಕ್ಕೆ ಬೀಳ್ತಾಳಾ?

ಕೊಲರಾಡೋ_ಮೈಸೂರಿಗ

ಈಗಷ್ಟೇ ಮಗನ್ನ ಹಿತ್ತಲಲ್ಲಿ ಓಡಿಸಿ ನೋಡಿ ಬಂದೆ. ಕಚ್ಚಿದ್ದೇ ತಡ ಗದ್ದ ನೆಲಕ್ಕೆ, ಕಾಲು ನಾಲ್ಕೂ ಅಗಲ. ಒಂದು ಕ್ಷಣ ಅಷ್ಟೇ, ಮತ್ತೆ ಎದ್ದು ಅಟ್ಟೋದು. ಸೋಫಾ ಮೇಲೆ ಹತ್ತಲ್ಲ, ಮೆಲ್ಬರ್ನ್‌ನವರೇ, ಹತ್ತಿರ ಹೋಗೋಕೂ ಹೆದರ್ತಾಳೆ.

ಕಾಲಿಗಳ ಕೆಲಸ ನೋಡಬೇಕು ಅನ್ನೋರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲೇ ಮೀಕರ್ ಅಂತ ಊರಿದೆ, 1987ರಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ಅಲ್ಲಿ ದೊಡ್ಡ ಕುರಿನಾಯಿ ಸ್ಪರ್ಧೆ ನಡೆಯುತ್ತೆ. ಗುಡ್ಡದ ಆ ಮೇಲ್ತುದಿಯಲ್ಲಿ ಕುರಿ ಬಿಟ್ಟಿರ್ತಾರೆ. ಯಜಮಾನ ಕೆಳಗೆ ಕಂಬದ ಪಕ್ಕ ನಿಂತು ಸೀಟಿ ಊದ್ತಾನೆ. ನಾಯಿ ಅಗಲವಾಗಿ ಸುತ್ತು ಹೊಡೆದು ಕುರಿಗಳ ಹಿಂದೆ ಹೋಗಿ ನಿಂತ ಕ್ಷಣ, ಅವು ತಲೆ ಎತ್ತಿ, ತಿರುಗಿ, ನಡೆಯೋಕೆ ಶುರು ಮಾಡ್ತವೆ. ಬೊಗಳು ಇಲ್ಲ, ಮುಟ್ಟೋದು ಇಲ್ಲ. ಬರೀ ನೋಟ. ರಾಗಿ ಚೆಂಡಿನ ಮುಂದೆ ನಿಲ್ಲೋದು ಥೇಟ್ ಹಾಗೇ.

ಮೆಲ್ಬರ್ನ್_ಮಲೆನಾಡಿಗ

ಗದ್ದ ನೆಲಕ್ಕೆ ಅಂದಮೇಲೆ ಹೀಲರ್ ಗ್ಯಾರಂಟಿ. ಅವೂ ನಮ್ಮೂರ ಬೆರಕೆಗಳೇ. 19ನೇ ಶತಮಾನದಲ್ಲಿ ನ್ಯೂ ಸೌತ್ ವೇಲ್ಸ್‌ನ ಥಾಮಸ್ ಹಾಲ್ ಅನ್ನೋ ದನಗಾರ ಇಂಗ್ಲೆಂಡಿನಿಂದ ಬಂದ ದನ ಹೊಡೆಯೋ ನಾಯಿಗಳಿಗೆ ಡಿಂಗೋ ಕೂಡಿಸಿ ಮಾಡಿದ ನಾಯಿಯಿಂದ ಬಂದಿದ್ದು. ದಿನಗಟ್ಟಲೆ ದನ ಹೊಡಕೊಂಡು ಹೋಗಬೇಕಿತ್ತು, ಇಂಗ್ಲೆಂಡಿನ ನಾಯಿಗಳು ಆ ಬಿಸಿಲಿಗೆ ಬಾಳಲಿಲ್ಲ.

ಎಳೆಎಳೆ

ಅದಕ್ಕೇ ‘ಶುದ್ಧ’ ಕುರಿನಾಯಿ ಅಂದಾಗ ನನಗೆ ನಗು ಬರೋದು. ಇವತ್ತಿನ ಬಾರ್ಡರ್ ಕಾಲಿಗಳ ಮೂಲಪುರುಷ ಓಲ್ಡ್ ಹೆಂಪ್ ಹುಟ್ಟಿದ್ದು 1893ರಲ್ಲಿ, ನಾರ್ದಂಬರ್‌ಲ್ಯಾಂಡ್‌ನ ಆಡಮ್ ಟೆಲ್ಫರ್ ಮನೆಯಲ್ಲಿ. ಅಪ್ಪ ರಾಯ್ ಸಲೀಸು ಸ್ವಭಾವದ್ದು, ನೋಟದಲ್ಲಿ ಬಲ ಕಡಿಮೆ. ಅಮ್ಮ ಮೆಗ್ ಅತಿ ಬಿರುನೋಟದ್ದು, ಮಹಾ ಸಂಕೋಚದ್ದು. ಎರಡು ತುದಿಯ ಎರಡು ನಾಯಿ ಕೂಡಿಸಿದಾಗ ನಡುವಿನ ಅದ್ಭುತ ಒಂದು ಹುಟ್ಟಿತು. ‘ಬಾರ್ಡರ್ ಕಾಲಿ’ ಅನ್ನೋ ಹೆಸರು ಬಳಕೆಗೆ ಬಂದಿದ್ದೇ 1915ರಲ್ಲಿ, ಹೆಂಪ್ ಸತ್ತು ಎಷ್ಟೋ ವರ್ಷದ ಮೇಲೆ. 1906ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿಯಲ್ಲಿ ಇವತ್ತಿಗೂ ವಂಶಾವಳಿ ಇಲ್ಲದ ನಾಯಿಯನ್ನು ಕೆಲಸ ನೋಡಿ ನೋಂದಾಯಿಸಿಕೊಳ್ಳೋ ದಾರಿ ಇದೆ. ಅಮೆರಿಕದಲ್ಲೂ ಹಾಗೆ. 1995ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಬಾರ್ಡರ್ ಕಾಲಿಯನ್ನು ಶೋ ತಳಿಗಳ ಸಾಲಿಗೆ ಸೇರಿಸಿದಾಗ ಕುರಿ ಸಾಕುವವರೇ ಬೇಡ ಅಂತ ಹಟ ಹಿಡಿದಿದ್ದರು. ರೂಪಕ್ಕೆ ಮಣೆ ಹಾಕಿದರೆ ಕೆಲಸ ಹಾಳಾಗುತ್ತೆ ಅನ್ನೋದು ಅವರ ಭಯ. ಆ ಭಯ ಸರಿ ಅಂತಲೇ ನನ್ನ ಅಭಿಪ್ರಾಯ.

ಕುರಿಹಟ್ಟಿ_ಕೊಪ್ಪಳ

ನಮಸ್ಕಾರ್ರಿ ಎಲ್ಲಾರಿಗೂ. ಭಾಳ ದಿನದಿಂದ ಓದಾಕತ್ತಿದ್ದೆ, ಇವತ್ತ ಬರಿಯೂಣು ಅನಿಸ್ತು. ನಮ್ಮ ಮನಿತನದಾಗ ಹಿಂದಿನಿಂದ ಕುರಿ ಅದಾವ. ನಾ ಮೊಬೈಲ್ ಅಂಗಡಿ ಇಟ್ಟೀನಿ, ಕಾಕಾ ಇನ್ನೂ ಹಿಂಡು ಹೊಡಕೊಂಡು ಅಡ್ಡಾಡತಾನ.

ನೀವು ಹೇಳೂ ನಾಯಿಗೋಳು ಕುರಿ ತಿರುವತಾವ. ನಮ್ಮ ನಾಯಿ ತಿರುವಂಗಿಲ್ರಿ. ತಿರುವೂದು ಕುರಿಗಾರನ ಕೆಲಸ. ಸೀಟಿ ಹೊಡಿತಾನ, ಬಾಯಿಲೆ ‘ಹುರ್ರ್’ ಅಂತಾನ, ಬಡಿಗಿ ಅಡ್ಡ ಹಿಡಿತಾನ. ಮುಂದ ಒಂದು ಹೋತ ಇದ್ದರ ಅದರ ಬೆನ್ನ ಹತ್ತಿ ಎಲ್ಲಾ ಬರತಾವ. ನಾಯಿಗೆ ಒಂದ ಕೆಲಸ, ತ್ವಾಳ ಕಾಯೂದು. ರಾತ್ರಿ ಹೊಲದಾಗ ಸುತ್ತ ಬಲಿ (ಬಲೆ) ಕಟ್ಟಿ ಕುರಿ ನಿಲ್ಲಿಸಿರತಾರ. ನಾಯಿ ಬಲಿ ಒಳಗ ಮಲಗಂಗಿಲ್ಲ, ಹೊರಗ, ಸ್ವಲ್ಪ ದಿಬ್ಬ ಇದ್ದಲ್ಲಿ. ಗಾಳಿ ಯಾವ ಕಡೆಯಿಂದ ಬೀಸತೈತೋ ಆ ಕಡೆ ಮಾರಿ. ಮಲಗಿದಂಗ ಕಾಣತೈತಿ, ಕಿವಿ ಮಲಗಿರಂಗಿಲ್ಲ. ಎದ್ದು ಒಂದ ಸಲ ದಪ್ಪ ದನಿ ತಗದು ಬೊಗಳಿತಂದ್ರ ಕಾಕಾ ಬ್ಯಾಟರಿ ಹಚ್ಚಂಗಿಲ್ಲ. ಎರಡನೇ ಸಲ ದನಿ ಬದಲಾದ್ರ ಎದ್ದ ನಿಂದರತಾನ.

ಅದಕ್ಕ ಹೇಳತೀನಿ ಮೈಸೂರಣ್ಣ, ನಿಮ್ಮ ರಾಗಿ ರಾತ್ರಿ ಮಾಡೂದು ತಿರುವೂ ನಾಯಿ ಕೆಲಸ ಅಲ್ಲ. ಎತ್ತರದ ಜಾಗಾ ಹುಡಿಕಿ ಮಲಗೂದು, ದೂರದ ಸಪ್ಪಳಕ್ಕ ದಪ್ಪ ದನಿ ತಗಿಯೂದು, ಅದು ಕಾಯೂ ನಾಯಿ ರಕ್ತ. ಅಲ್ಲಿ ಅಂಥ ನಾಯಿ ಯಾವದು ಅಂತ ನೀವ ಹೇಳಬೇಕು.

ಕೊಲರಾಡೋ_ಮೈಸೂರಿಗ

ಅಣ್ಣ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಇಲ್ಲಿ ಗುಡ್ಡದ ಮೇಲೆ ಕುರಿ ಮೇಯಿಸೋರು ಎರಡು ಥರ ನಾಯಿ ಇಟ್ಟಿರ್ತಾರೆ. ತಿರುಗಿಸೋಕೆ ಬಾರ್ಡರ್ ಕಾಲಿ, ಕಾಯೋಕೆ ದೊಡ್ಡ ಬಿಳಿ ನಾಯಿ, ಗ್ರೇಟ್ ಪಿರನೀಸ್, ಅಕ್ಬಾಶ್ ಅಂಥವು. ಟ್ರೆಕ್ಕಿಂಗ್ ಹೋದಾಗ ಹಿಂಡಿನ ಹತ್ತಿರ ಹೋಗಬೇಡಿ ಅಂತ ಬೋರ್ಡೇ ಹಾಕಿರ್ತಾರೆ. ಒಂದೇ ಬಿಡಾರದಲ್ಲಿ ಇದ್ದಮೇಲೆ ಎರಡೂ ಕೂಡದೇ ಇರುತ್ತವಾ?

ಬೆರಕೆಸೊಪ್ಪು

19 ಕೆಜಿ ನಾಯಿಯಲ್ಲಿ 45 ಕೆಜಿ ಪಿರನೀಸ್? ಸಾಧ್ಯವೇ ಇಲ್ಲ. ಬರೆದಿಟ್ಟುಕೊಳ್ಳಿ.

ಜಯನಗರ_ಜಾನಕಿ

ಕೊಪ್ಪಳದವರೇ, ನಿಮ್ಮ ಕಡೆ ನಾಯಿಗಳು ಮುಧೋಳದವಾ? ನಾನು ಕೇಳಿದ್ದೆ, ಕುರುಬರ ನಾಯಿ ಅಂದರೆ ಮುಧೋಳ ಅಂತ.

ಕುರಿಹಟ್ಟಿ_ಕೊಪ್ಪಳ

ಉದ್ದ ಕಾಲು, ಸಣ್ಣ ನಡ ಕಂಡ್ರ ಸಾಕ್ರಿ ಅಕ್ಕಾರ, ಎಲ್ಲಾರೂ ಮುಧೋಳ ಅಂತಾರ. ಮುಧೋಳ ಕಣ್ಣಿಲೆ ಬೇಟಿ ಆಡೂ ನಾಯಿ, ಮೊಲದ ಹಿಂದ ಬಿಟ್ಟ್ರ ಮಿಂಚು. ರಾತ್ರಿ ಕಾಯಾಕ ಬರೇ ಓಟ ಸಾಲಂಗಿಲ್ಲ, ಮೈ ತೂಕ ಬೇಕು, ನೆಲಿ ನಿಲ್ಲೂ ಗುಣ ಬೇಕು. ಹಿಂಗಾಗಿ ನಮ್ಮವು ಬೆರಕಿ. ಅಜ್ಜಿ ಮುಧೋಳದ್ದು ಇರಬಹುದು, ಉಳಕಿದ್ದು ಊರ ನಾಯಿ. ಒಂದ ಸೂಲಿನ್ಯಾಗ ಒಂದು ಕೆಂದ, ಒಂದು ಕರಿದು, ಒಂದು ಪಟ್ಟಿ ಪಟ್ಟಿ ಹುಟ್ಟತಾವ. ಅಪ್ಪ ಒಬ್ಬನ ಅಂತನೂ ಹೇಳಾಕ ಬರಂಗಿಲ್ಲ.

ಕೆಲವರು ‘ಇದು ತ್ವಾಳದ ಕ್ರಾಸ್’ ಅಂತ ಮರಿ ಮಾರತಾರ. ಕಿವಿ ನಿಮಿರಿ, ಬೂದಿ ಬಣ್ಣ ಇದ್ದರ ರೇಟು ಜಾಸ್ತಿ. ಖರೇ ಇರತೈತೇನ್ರಿ?

ಎಳೆಎಳೆ

ಎರಡಕ್ಕೂ ಉತ್ತರ ಇದೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರೋದು ನಾಯಿಗಳಲ್ಲಿ ಮಾಮೂಲು, ನಿಮ್ಮ ಕಾಕಾ ಸರಿಯಾಗೇ ನೋಡಿದ್ದಾರೆ.

ತೋಳದ ಬೆರಕೆ ಕೂಡ ಕಟ್ಟುಕಥೆಯಲ್ಲ. ಪುಣೆ ಹತ್ತಿರದ ಹುಲ್ಲುಗಾವಲಿನಲ್ಲಿ ಹಳದಿ ಬಣ್ಣದ ವಿಚಿತ್ರ ತೋಳಗಳು ಕಂಡಾಗ ಕೂದಲು ಹೆಕ್ಕಿ ಜೀನೋಮ್ ಓದಿದರು. ಬೆಂಗಳೂರಿನ ಎನ್‌ಸಿಬಿಎಸ್, ಏಟ್ರೀ ಸಂಸ್ಥೆಗಳ ವಿಜ್ಞಾನಿಗಳೂ ಅದರಲ್ಲಿದ್ದರು. 2023ರಲ್ಲಿ ಪ್ರಕಟವಾಯಿತು, ತೋಳ–ನಾಯಿ ಬೆರಕೆ ಖಚಿತ. ಆದರೆ ಅದು ತೋಳಗಳ ಪಾಲಿಗೆ ಕೆಟ್ಟ ಸುದ್ದಿ. ಸಂಖ್ಯೆ ಕಡಿಮೆಯಾಗಿ ಜೋಡಿ ಸಿಗದಿದ್ದಾಗ ನಾಯಿಯ ಜೀನ್ ಒಳಗೆ ಬರುತ್ತೆ. ಸಂತೆಯಲ್ಲಿ ಬೂದಿ ಬಣ್ಣದ ಮರಿಗೆ ಹೆಚ್ಚು ದುಡ್ಡು ಕೇಳೋನಿಗೂ ಇದಕ್ಕೂ ಸಂಬಂಧ ಇಲ್ಲ. ಅವನ ಮರಿ ಬರೀ ಬೂದಿ ಬಣ್ಣದ ನಾಯಿ ಇರುತ್ತೆ.

ಇನ್ನೊಂದು ವಿಷಯ, ಯಾರಾದರೂ ನಮ್ಮ ಬೀದಿ ನಾಯಿಯ ಜೊಲ್ಲು ಪರೀಕ್ಷೆಗೆ ಕಳಿಸೋ ಯೋಚನೆಯಲ್ಲಿದ್ದರೆ. ಊರ ನಾಯಿಗಳು ಹತ್ತು ತಳಿ ಕಲಸಿದ ಬೆರಕೆ ಅಲ್ಲ. ತಳಿಗಳು ಹುಟ್ಟೋಕೆ ಮೊದಲಿನಿಂದಲೂ ಇರೋ ನಾಯಿಗಳು ಅವು. 2015ರಲ್ಲಿ 38 ದೇಶಗಳ 549 ಊರ ನಾಯಿಗಳ ಜೀನ್ ಹೋಲಿಸಿ ನಾಯಿ ಸಾಕಣೆ ಮಧ್ಯ ಏಷ್ಯಾದ ಕಡೆ ಶುರುವಾಗಿರಬಹುದು ಅಂತ ಒಂದು ತಂಡ ವಾದಿಸಿತ್ತು. ಅಂಥ ಅಧ್ಯಯನಕ್ಕೆ ಇವೇ ನಾಯಿಗಳು ಬೇಕಾಗಿದ್ದು ಯಾಕೆ ಅಂತ ಯೋಚಿಸಿ. ಪರೀಕ್ಷೆ ಮಾಡೋರ ಪಟ್ಟಿಯಲ್ಲಿ ನಮ್ಮ ಊರ ನಾಯಿ ಇಲ್ಲದಿದ್ದರೆ ಕಂಪ್ಯೂಟರ್ ತನ್ನ ಹತ್ತಿರ ಇರೋ ತಳಿಗಳಲ್ಲೇ ಯಾವುದಾದರೂ ನಾಲ್ಕನ್ನ ಎತ್ತಿ ಕೈಗೆ ಕೊಡುತ್ತೆ. ರಾಯಚೂರಿನ ನಾಯಿಯಲ್ಲಿ ಚೌ ಚೌ ಸಿಕ್ಕಿತು ಅಂತ ಕುಣೀಬೇಡಿ.

ಕೊಲರಾಡೋ_ಮೈಸೂರಿಗ

ಬಂತು ಬಂತು!

ಬಾರ್ಡರ್ ಕಾಲಿ 34, ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್ (ಅದೇ ಹೀಲರ್) 21, ಗ್ರೇಟ್ ಪಿರನೀಸ್ 17, ಚೌ ಚೌ 9, ಜರ್ಮನ್ ಶೆಫರ್ಡ್ 8. ಉಳಿದ ಶೇಕಡಾ 11 ಯಾವುದಂತ ಹೇಳೋಕಾಗಲ್ಲ ಅಂದಿದ್ದಾರೆ.

ಕೊಪ್ಪಳದಣ್ಣನಿಗೆ ಇಲ್ಲಿಂದಲೇ ನಮಸ್ಕಾರ. ಫೋಟೋ ನೋಡದೆ ಬೊಗಳು ಕೇಳಿ ಪಿರನೀಸ್ ಹಿಡಿದವರು ಇವರೊಬ್ಬರೇ. ಅದೂ ಆ ತಳಿಯ ಹೆಸರೇ ಹೇಳದೆ.

ತಲೆಹರಟೆ

ಬೆರಕೆಸೊಪ್ಪು ಅವರು ‘ಬರೆದಿಟ್ಟುಕೊಳ್ಳಿ’ ಅಂದಿದ್ದನ್ನ ನಾನು ಬರೆದಿಟ್ಟುಕೊಂಡಿದ್ದೆ.

ಬೆರಕೆಸೊಪ್ಪು

ಕಾಲಿ, ಹೀಲರ್ ಎರಡೂ ನನ್ನದೇ. ಮೂರಕ್ಕೆ ಎರಡು, ಡಿಸ್ಟಿಂಕ್ಷನ್. ಚೌ ಚೌ ಎಲ್ಲಿಂದ ಬಂತು ಸ್ವಾಮಿ?

ಎಳೆಎಳೆ

ಅಮೆರಿಕದ ಬೆರಕೆಗಳಲ್ಲಿ ಚೌ ಚೌ ಇಣುಕೋದು ಹೊಸದಲ್ಲ. ರಾಗಿ ನಾಲಿಗೆ ಮೇಲೆ ನೀಲಿ ಮಚ್ಚೆ ಇದೆಯಾ ನೋಡಿ. ಇದ್ದರೂ ಸಾಕ್ಷಿ ಅಲ್ಲ, ನಾಲಿಗೆ ಮಚ್ಚೆ ಬೇರೆ ಎಷ್ಟೋ ತಳಿಗಳಲ್ಲಿದೆ. ಶೇಕಡಾ 8-9ರ ಮಟ್ಟದ ಅಂಕೆಗಳನ್ನ ನಾನಂತೂ ಉಪ್ಪಿನಕಾಯಿಯಷ್ಟೇ ಮುಟ್ಟೋದು.

ಇನ್ನು ‘ಹೀಲರ್ ಇದೆ, ಅದಕ್ಕೆ ಕಚ್ಚುತ್ತೆ’ ಅಂತ ಎಲ್ಲವನ್ನೂ ತಳಿಗೆ ಗಂಟು ಹಾಕೋಕೂ ಹೋಗಬೇಡಿ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕೆ 18,385 ನಾಯಿಗಳ ಮಾಲೀಕರು ಪ್ರಶ್ನಾವಳಿ ತುಂಬಿದ್ದರು, 2,155 ನಾಯಿಗಳ ಡಿಎನ್‌ಎ ಓದಿದ್ದರು. ಒಂದೊಂದು ನಾಯಿಯ ನಡವಳಿಕೆಯಲ್ಲಿರೋ ವ್ಯತ್ಯಾಸಕ್ಕೆ ತಳಿ ಕಾರಣ ಆಗೋದು ಸುಮಾರು ಶೇಕಡಾ 9ರಷ್ಟು ಮಾತ್ರ. ಸಿಟ್ಟು, ಅಂಜಿಕೆ ಇವುಗಳಲ್ಲಿ ತಳಿಯ ಪಾಲು ತೀರಾ ಕಡಿಮೆ. ಹೇಳಿದ ಮಾತಿಗೆ ಓಗೊಡೋ ಗುಣದಲ್ಲಿ ಸ್ವಲ್ಪ ಹೆಚ್ಚು. ಹೊಂಚೋದು, ಸುತ್ತು ಹಾಕೋದು ಥರದ ಕೆಲಸದ ಚಲನೆಗಳು ಬೇರೆ ಮಾತು, ಅವನ್ನು ನೂರಾರು ವರ್ಷ ಆರಿಸಿ ಆರಿಸಿ ಕೂಡಿಸಿದ್ದಾರೆ.

ಡಾ_ಪಶುಪತಿ

ತಳಿ ಯಾವುದು ಎಂಬ ತಮಾಷೆ ಚೆನ್ನಾಗಿ ನಡೆದಿದೆ, ನಾನೂ ಓದಿ ಖುಷಿಪಟ್ಟೆ. ಆದರೆ ಪಶುವೈದ್ಯನಾಗಿ ಕುರಿನಾಯಿ ಬೆರಕೆಗಳಲ್ಲಿ ನಾನು ಮೊದಲು ಕೇಳುವುದು ಬೇರೆಯದೇ ಪ್ರಶ್ನೆ. ಮೈಸೂರಿಗರೇ, ನಿಮ್ಮ ವರದಿಯಲ್ಲಿ ‘ಎಂಡಿಆರ್1’ ಎಂಬ ಸಾಲು ಇದೆಯೇ?

ಕಾಲಿ ಗುಂಪಿನ ಹಲವು ನಾಯಿಗಳಲ್ಲಿ ಈ ಜೀನಿನ ಡಿಎನ್‌ಎಯ ನಾಲ್ಕು ಅಕ್ಷರ ಬಿದ್ದುಹೋಗಿರುತ್ತದೆ. 2001ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಡಾ. ಕ್ಯಾಟ್ರಿನಾ ಮೀಲಿ ಮತ್ತು ತಂಡ ಇದನ್ನು ಪತ್ತೆಹಚ್ಚಿತು. ಮಿದುಳಿಗೆ ನುಗ್ಗುವ ಔಷಧವನ್ನು ಹೊರಗೆ ತಳ್ಳುವ ಪಂಪು ಈ ನಾಯಿಗಳಲ್ಲಿ ಕೆಲಸ ಮಾಡುವುದಿಲ್ಲ. ಕಜ್ಜಿಗೆ ಕೊಡುವ ಪ್ರಮಾಣದ ಐವರ್‌ಮೆಕ್ಟಿನ್ ಕೊಟ್ಟರೆ ತೂರಾಡುವುದು, ಜೊಲ್ಲು, ಕಣ್ಣಿನ ಪಾಪೆ ಅಗಲವಾಗುವುದು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು. ಸತ್ತದ್ದೂ ಉಂಟು. ಹೃದಯದ ಹುಳು ಬಾರದಂತೆ ತಿಂಗಳಿಗೊಮ್ಮೆ ಕೊಡುವ ಮಾತ್ರೆಯಲ್ಲಿ ಕೆಜಿಗೆ 6 ಮೈಕ್ರೋಗ್ರಾಂ ಮಾತ್ರ ಇರುತ್ತದೆ, ಅದು ಅಪಾಯವಲ್ಲ. ಕಜ್ಜಿಗೆ ಕೊಡುವಾಗ ಅದು 300ರಿಂದ 600 ಮೈಕ್ರೋಗ್ರಾಂ ಆಗುತ್ತದೆ. ಅಂತರ ನೋಡಿ.

ಕಾಲಿಗಳಲ್ಲಿ (ಇದು ಬಾರ್ಡರ್ ಕಾಲಿಯಲ್ಲ, ಬೇರೆ ತಳಿ) ಸುಮಾರು ಶೇಕಡಾ 70, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸುಮಾರು 50, ಜರ್ಮನ್ ಶೆಫರ್ಡ್‌ಗಳಲ್ಲಿ ಸುಮಾರು 10, ಬಾರ್ಡರ್ ಕಾಲಿಗಳಲ್ಲಿ 5ಕ್ಕಿಂತ ಕಡಿಮೆ ನಾಯಿಗಳು ಇದನ್ನು ಹೊತ್ತಿರುತ್ತವೆ. ಮನೆಯಲ್ಲಿ ಭೇದಿ ನಿಲ್ಲಲೆಂದು ಮನುಷ್ಯರ ಲೋಪೆರಮೈಡ್ ಮಾತ್ರೆ ನುಂಗಿಸುವವರಿದ್ದಾರೆ, ಅದೂ ಇದೇ ಪಟ್ಟಿಯಲ್ಲಿದೆ. ದಯವಿಟ್ಟು ಕೊಡಬೇಡಿ.

ಕೊಲರಾಡೋ_ಮೈಸೂರಿಗ

ಡಾಕ್ಟ್ರೇ, ಥ್ಯಾಂಕ್ಸ್. ವರದಿಯ ಕೊನೇ ಪುಟದಲ್ಲಿತ್ತು, ಆ ದೋಷದ ಜೀನ್ ಒಂದು ಪ್ರತಿ ಇದೆ ಅಂತ ಬರೆದಿದ್ದಾರೆ. ಇಲ್ಲಿನ ವೈದ್ಯರ ಫೈಲ್‌ನಲ್ಲಿ ಕೆಂಪು ಅಕ್ಷರದಲ್ಲಿ ಬರೆಸಿಬಿಡ್ತೀನಿ. ಶಸ್ತ್ರಚಿಕಿತ್ಸೆಗೆ ಮೊದಲು ಕೊಡೋ ಔಷಧಕ್ಕೂ ಇದಕ್ಕೂ ಸಂಬಂಧ ಇದೆಯಾ? ಮರಿಯಾಗದ ಹಾಗೆ ಸ್ಪೇ ಆಪರೇಷನ್ ಮಾಡಿಸಬೇಕು.

ಡಾ_ಪಶುಪತಿ

ಇದೆ. ಮಂಪರು ತರಿಸಲು ಕೊಡುವ ಅಸಿಪ್ರೊಮಜಿನ್, ಬ್ಯುಟಾರ್ಫನಾಲ್ ಎರಡಕ್ಕೂ ಪ್ರಮಾಣ ಇಳಿಸಬೇಕಾಗುತ್ತದೆ. ಒಂದೇ ಪ್ರತಿ ಇದ್ದರೆ ಅಪಾಯ ಕಡಿಮೆ, ಆದರೂ ಮೊದಲೇ ಹೇಳಿ. ಉಳಿದದ್ದು ನಿಮ್ಮ ವೈದ್ಯರು ನೋಡಿಕೊಳ್ಳುತ್ತಾರೆ.

ಎಳೆಎಳೆ

ವಂಶ ಹುಡುಕೋರಿಗೆ ಇದು ಚಿನ್ನದಂಥ ಸುಳಿವು. 2004ರಲ್ಲಿ ಈ ದೋಷದ ಜಾಡು ಹಿಡಿದು ಹೋದಾಗ, ಇದನ್ನು ಹೊತ್ತ ನಾಯಿಗಳೆಲ್ಲ 19ನೇ ಶತಮಾನದ ಬ್ರಿಟನ್ನಿನ ಒಂದೇ ಪೂರ್ವಜನಿಗೆ ಹೋಗಿ ಸೇರಿದವು. ಅದರಲ್ಲಿ ಉದ್ದ ಕೂದಲಿನ ವಿಪ್ಪೆಟ್ ಕೂಡ ಇತ್ತು. ನೋಡೋಕೆ ಅಪ್ಪಟ ಓಟದ ನಾಯಿ, ಆದರೆ ಯಾವಾಗಲೋ ಯಾರೋ ಕಾಲಿ ಗುಂಪಿನ ನಾಯಿ ಕೂಡಿಸಿದ್ದು ಈ ನಾಲ್ಕು ಅಕ್ಷರದಿಂದ ಹೊರಬಿತ್ತು.

ಜಯನಗರ_ಜಾನಕಿ

ಡಾಕ್ಟರ್, ನಮ್ಮ ಮನೆಯಲ್ಲಿರೋದು ಆಸ್ಟ್ರೇಲಿಯನ್ ಶೆಫರ್ಡ್ ಮಿಕ್ಸ್ ಅಂತ ಹೇಳಿ ಕೊಟ್ಟಿದ್ದು, ಮೈ ಪೂರ್ತಿ ಬೂದಿ-ಕಪ್ಪು ಮರ್ಲ್. ಪರಿಚಯದವರ ಮನೆಯಲ್ಲೂ ಅಂಥದ್ದೇ ಗಂಡಿದೆ. ಇಬ್ಬರಿಗೂ ಒಂದು ಸೂಲು ಮಾಡಿಸೋಣ ಅಂತ ಅವರ ಒತ್ತಾಯ, ಮರಿಗೆ ಒಳ್ಳೆ ರೇಟು ಸಿಗುತ್ತಂತೆ.

ಡಾ_ಪಶುಪತಿ

ಬೇಡವೇ ಬೇಡ, ಮೇಡಂ. ಮರ್ಲ್‌ಗೆ ಮರ್ಲ್ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಕಡೆಯಿಂದ ಆ ಜೀನ್ ಬರುತ್ತದೆ. ಅವು ಹೆಚ್ಚುಕಡಿಮೆ ಬಿಳಿಯಾಗಿ ಹುಟ್ಟುತ್ತವೆ. ಅನೇಕವಕ್ಕೆ ಕಿವಿ ಕೇಳುವುದಿಲ್ಲ, ಕಣ್ಣು ಸರಿಯಾಗಿ ಬೆಳೆದಿರುವುದಿಲ್ಲ. ‘ಅಪರೂಪದ ಬಿಳಿ ಮರಿ’ ಎಂದು ಮಾರುವುದು ಇಂಥವನ್ನೇ. ಜೊತೆಗೆ ನಿಮ್ಮದಕ್ಕೆ ಎಂಡಿಆರ್1 ಪರೀಕ್ಷೆ ಆಗುವವರೆಗೆ, ಅದು ಇದೆ ಎಂದೇ ತಿಳಿದು ಔಷಧ ಕೊಡಿಸಿ.

ಜಯನಗರ_ಜಾನಕಿ

ಸರಿ ಡಾಕ್ಟರ್. ಅವರಿಗೆ ಈ ಪುಟವನ್ನೇ ಕಳಿಸ್ತೀನಿ, ನಾನು ಹೇಳಿದರೆ ನಂಬಲ್ಲ.

ಕುರಿಹಟ್ಟಿ_ಕೊಪ್ಪಳ

ಡಾಕ್ಟರ್ ಸಾಹೇಬ್ರ, ನಮ್ಮ ಹಿಂಡಿಗೆ ಜಂತಿನ ಔಷಧ ಅಂತ ಇದ ಐವರ್‌ಮೆಕ್ಟಿನ್ ಕುಡಸ್ತಾರ. ಕುಡಿಸುವಾಗ ನೆಲಕ್ಕ ಬಿದ್ದದ್ದು ನಾಯಿ ನೆಕ್ಕತಾವ, ಹಿಕ್ಕಿನೂ ತಿಂತಾವ. ನಮ್ಮ ನಾಯಿಗೆ ಏನರ ಆಗತೈತೇನ್ರಿ?

ಡಾ_ಪಶುಪತಿ

ಈ ದೋಷ ಬಂದದ್ದು ಬ್ರಿಟನ್ನಿನ ಕಾಲಿ ವಂಶದಿಂದ. ನಿಮ್ಮ ಹಟ್ಟಿಯ ನಾಯಿಗಳಲ್ಲಿ ಆ ಮಿಶ್ರಣ ಇಲ್ಲದಿದ್ದರೆ ಇದರ ಭಯ ಕಡಿಮೆ. ಆದರೆ ಕುರಿಯ ಔಷಧ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಯಾವ ನಾಯಿಗೂ ವಿಷವೇ. ಕುಡಿಸುವ ಹೊತ್ತಿಗೆ ನಾಯಿಗಳನ್ನು ದೂರ ಕಟ್ಟಿಹಾಕಿ, ಚೆಲ್ಲಿದ ಜಾಗಕ್ಕೆ ಮಣ್ಣು ಎಳೆಯಿರಿ. ಊರಿನಲ್ಲಿ ಯಾರಾದರೂ ಕಾಲಿ ಅಥವಾ ಶೆಫರ್ಡ್ ತಂದು ಬಿಟ್ಟಿದ್ದರೆ ಅದರ ಮರಿಗಳ ಮೇಲೆ ಕಣ್ಣಿಡಿ.

ಕೊಲರಾಡೋ_ಮೈಸೂರಿಗ

ಅಣ್ಣ, ಒಂದು ಕುತೂಹಲ. ಅಪ್ಪ ಯಾರೋ ಗೊತ್ತಿಲ್ಲದ ಮರಿಗಳಲ್ಲಿ ಕಾಯೋಕೆ ಯಾವುದು ಆಗುತ್ತೆ ಅಂತ ನಿಮ್ಮ ಕಾಕಾ ಹೇಗೆ ಆರಿಸ್ತಾರೆ?

ಕುರಿಹಟ್ಟಿ_ಕೊಪ್ಪಳ

ಈಗ ಫೋನ್ ಹಚ್ಚಿ ಕೇಳಿದೆ, ತೆಕ್ಕಲಕೋಟಿ ಕಡೆ ಅದಾನ. ತಾಯಿ ನೋಡತಾನಂತ, ಹಿಂಡು ಬಿಟ್ಟು ಊರಾಗ ಹೋಗೂ ತಾಯಿದ್ದ ಮರಿ ಬ್ಯಾಡ. ಕಣ್ಣು ತೆರದ ಮ್ಯಾಲ ಮರಿನ ಕುರಿಮರಿ ಜೋಡಿ ಬಿಡತಾನ. ಆಡಿನ ಹಾಲು ಕುಡಿಸಿ ಅಲ್ಲೇ ಬೆಳಸೂದು. ಕುರಿಮರಿ ಕಿವಿ ಹಿಡದು ಜಗ್ಗೂದು ಚಟ ಆದ್ರ ಅದನ್ನ ಹೊಲದ ಮನಿಯವರಿಗೆ ಕೊಟ್ಟು ಬಿಡತಾನ. ಕುರಿಮರಿ ಮ್ಯಾಲ ತಲಿ ಇಟ್ಟು ಮಲಗೂದನ್ನ ಇಟ್ಟಕೋತಾನ. ಬಣ್ಣ ಕರೇದ ಬ್ಯಾಡ ಅಂತಾನ. ರಾತ್ರಿ ಬ್ಯಾಟರಿ ಬೆಳಕಿನ್ಯಾಗ ತನಗ ಕಾಣಂಗಿಲ್ಲ, ಎಡವಿ ಬೀಳತೀನಿ ಅಂದ.

ತಲೆಹರಟೆ

ಹಾಗಾದರೆ ರಾಗಿಗೆ ಆ ಹಿಂಡಲ್ಲಿ ಕೆಲಸ ಸಿಗಲ್ಲ.

ಕುರಿಹಟ್ಟಿ_ಕೊಪ್ಪಳ

ಬಣ್ಣದ ಮಾತು ಬಿಡ್ರಿ, ಹಿಮ್ಮಡಾ ಕಚ್ಚತೈತಿ ಅಂದ ಕೂಡಲೇ ಕಾಕಾ ಫೋನ್ ಇಟ್ಟಬಿಟ್ಟ.